ಒಂದೂವರೆ ವರ್ಷದ ವಿಷಯವಾಗಿ ಗೆಳೆಯನಿಗೊಂದು ಪತ್ರ

ಚಿಕ್ಕಮಗಳೂರು

ಪ್ರೀತಿಯ ಗೆಳೆಯನಿಗೆ ನಮಸ್ಕಾರ.

ನಾವೆಲ್ಲ ಇಲ್ಲಿ ಕ್ಷೇಮ. ಹಾಸನದಲ್ಲಿ ನೀನೂ ಮನೆಯವರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನನ್ನಿಂದ ಆಗಲೇ ಉತ್ತರ ಕೊಡಲು ಆಗಲಿಲ್ಲ. ನಿನ್ನ ಮಗನ ಫುಟ್‌ಬಾಲ್ ಆಟ ನೋಡಿದ ಯಾರೋ ಒಬ್ಬರು, ಹುಡುಗನ ಕಾಲಿನಲ್ಲಿ ಆಟವಿದೆ, ಆದರೆ ಮೈಕಟ್ಟು ಸಾಲದು, ಜನನ ಪತ್ರದಲ್ಲಿ ಒಂದೂವರೆ ವರ್ಷ ಇಳಿಸಿಬಿಟ್ಟರೆ ಕೆಳಗಿನ ವಯೋಮಿತಿಯ ತಂಡದಲ್ಲಿ ಎದ್ದು ಕಾಣುತ್ತಾನೆ, ಅಲ್ಲಿಂದ ರಾಜ್ಯ ತಂಡ, ರಾಜ್ಯದಿಂದ ಭಾರತದ ಹದಿನೇಳರೊಳಗಿನವರ ತಂಡ ಎಂದು ಒಂದೊಂದೇ ಮೆಟ್ಟಿಲನ್ನು ಎಣಿಸಿ ತೋರಿಸಿದರಂತೆ. ‘ಎಲ್ಲರೂ ಮಾಡುತ್ತಾರಂತೆ, ನೀನೇನು ಹೇಳುತ್ತೀ?’ ಎಂದು ನೀನು ಕೇಳಿದೆ. ಬೇಡ ಎನ್ನುವುದೇ ನನ್ನ ಉತ್ತರ. ಏಕೆ ಬೇಡ ಎಂಬುದನ್ನು ಸಾವಧಾನವಾಗಿ ಬರೆಯುತ್ತಿದ್ದೇನೆ. ಇದೇ ಗೊಂದಲದಲ್ಲಿರುವ ಬೇರೆ ತಂದೆತಾಯಂದಿರೂ ಓದಲಿ ಎಂದು ನೀನೇ ಹೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಹದಿನೇಳರೊಳಗಿನವರ ವಿಶ್ವಕಪ್‌ನಲ್ಲಿ ಜಾಗತಿಕ ಫುಟ್‌ಬಾಲ್ ಸಂಸ್ಥೆಯಾದ ಫಿಫಾ ಈಗ ಜನನ ಪತ್ರವೊಂದನ್ನೇ ನೆಚ್ಚಿಕೊಂಡಿಲ್ಲ. 2009ರಲ್ಲಿ ನೈಜೀರಿಯಾದಲ್ಲಿ ನಡೆದ ಪಂದ್ಯಾವಳಿಯಲ್ಲಿ ಮಣಿಕಟ್ಟಿನ ಎಂ.ಆರ್.ಐ. ಸ್ಕ್ಯಾನ್ ಬಂತು. ಮುಂದೋಳಿನ ಎರಡು ಮೂಳೆಗಳ ಪೈಕಿ ಹೆಬ್ಬೆರಳಿನ ಕಡೆಗಿರುವ ಮೂಳೆಯ ತುದಿಯಲ್ಲಿ, ಬೆಳೆಯುವ ವಯಸ್ಸಿನ ಮಕ್ಕಳಿಗೆ, ಮೃದುವಾದ ಒಂದು ತೆಳು ಪದರ ಇರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಬೆಳವಣಿಗೆ ಮುಗಿಯುತ್ತಾ ಬಂದಂತೆ ಆ ಪದರ ಬೆಸೆದುಕೊಂಡು ಗಟ್ಟಿ ಮೂಳೆಯೇ ಆಗಿಬಿಡುತ್ತದೆ. ಎಷ್ಟು ಬೆಸೆದಿದೆ ಎಂಬುದನ್ನು ವೈದ್ಯರು ಆರು ಹಂತಗಳಲ್ಲಿ ಗುರುತಿಸುತ್ತಾರೆ. ಹದಿನೇಳು ತುಂಬದ ಹುಡುಗರಲ್ಲಿ ಅದು ಪೂರ್ತಿ ಬೆಸೆದಿರುವುದು ತೀರಾ ಅಪರೂಪವಾದ್ದರಿಂದ, ಆರನೆಯ ಹಂತ ಕಂಡುಬಂದ ಆಟಗಾರ ಮನೆಗೆ ಹೊರಡಬೇಕಾಗುತ್ತದೆ. ಎಕ್ಸ್-ರೇ ಬದಲು ಎಂ.ಆರ್.ಐ. ಆರಿಸಿಕೊಂಡದ್ದು ಮಕ್ಕಳ ಮೈಗೆ ವಿಕಿರಣ ತಾಗಬಾರದೆಂದು.

ಇದನ್ನು ನಿನ್ನ ಮಗನ ಲೆಕ್ಕಕ್ಕೆ ಹಚ್ಚಿ ನೋಡು. ಅವನು ಹುಟ್ಟಿದ್ದು 2010ರ ಡಿಸೆಂಬರ್‌ನಲ್ಲಿ. ಒಂದೂವರೆ ವರ್ಷ ಇಳಿಸಿದರೆ 2012ರ ಜೂನ್ ಆಗುತ್ತದೆ. ಆ ಪತ್ರದ ಪ್ರಕಾರ ಅವನು ಆಡಬೇಕಾದದ್ದು 2029ರ ವಿಶ್ವಕಪ್, ಮತ್ತು ಆ ವರ್ಷದ ಕೊನೆಗೆ ಅವನಿಗೆ ನಿಜವಾಗಿ ಹತ್ತೊಂಬತ್ತು ತುಂಬುತ್ತಾ ಬಂದಿರುತ್ತದೆ. ಅಷ್ಟು ದೂರ ಹೋಗಿ, ದೇಶದ ಅಂಗಿ ತೊಟ್ಟು, ಸ್ಕ್ಯಾನ್ ಯಂತ್ರದೊಳಗೆ ಕೈಯಿಟ್ಟು ಆ ಮಗು ಕಾಯುವ ಹೊತ್ತನ್ನು ನಾನು ಊಹಿಸಲಾರೆ.

ಈ ಮೋಸಕ್ಕೆ ಇಡೀ ದೇಶ ದಂಡ ತೆತ್ತದ್ದೂ ಉಂಟು. 1985ರಲ್ಲಿ ಚೀನಾದಲ್ಲಿ ಈ ಪಂದ್ಯಾವಳಿ ಹದಿನಾರರೊಳಗಿನವರದ್ದಾಗಿ ಮೊದಲ ಸಲ ನಡೆದಾಗ ಗೆದ್ದದ್ದು ನೈಜೀರಿಯಾ. ಅದೇ ನೈಜೀರಿಯಾ ಕೆಲವು ಆಟಗಾರರ ಹುಟ್ಟಿದ ದಿನಾಂಕಗಳು ಒಂದಕ್ಕೊಂದು ತಾಳೆಯಾಗದೆ ಹೋದದ್ದರಿಂದ ಮುಂದೆ ಎರಡು ವರ್ಷ ಫಿಫಾ ಯುವ ಪಂದ್ಯಾವಳಿಗಳಿಂದ ಹೊರಗುಳಿಯಬೇಕಾಯಿತು. 1991ರ ಇಪ್ಪತ್ತರೊಳಗಿನವರ ಪಂದ್ಯಾವಳಿಯ ಆತಿಥ್ಯವೂ ಅದರ ಕೈತಪ್ಪಿ ಪೋರ್ಚುಗಲ್ ಪಾಲಾಯಿತು. ಆ ಸಲ ಪೋರ್ಚುಗಲ್ ತನ್ನ ನೆಲದಲ್ಲೇ ಗೆದ್ದಿತು. ಮುಂದೆ ಜಗತ್ತಿಗೇ ಹೆಸರಾದ ಫಿಗೊ ಮತ್ತು ರೂಯಿ ಕೋಸ್ಟಾ ಆ ತಂಡದ ಹುಡುಗರು. ಆದರೆ ಯಾವ ತಪ್ಪೂ ಮಾಡದೆ ಆ ಎರಡು ವರ್ಷಗಳಲ್ಲಿ ಹದಿನಾರು ಹದಿನೇಳಾದ ನೈಜೀರಿಯಾದ ಹುಡುಗರನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಮುಂದೆ ಆ ದೇಶ ಈ ಕಪ್ಪನ್ನು ಒಟ್ಟು ಐದು ಸಲ ಗೆದ್ದಿತು, ಬೇರೆ ಯಾರೂ ಅಷ್ಟು ಸಲ ಗೆದ್ದಿಲ್ಲ. ಆ ಹುಡುಗರ ವಯಸ್ಸು ಮಾತ್ರ ಮರಳಿ ಬರಲಿಲ್ಲ.

ಇನ್ನು, ನಿನಗೂ ನಾನು ಇದುವರೆಗೆ ಬಿಡಿಸಿ ಹೇಳದ ಒಂದು ವಿಷಯವಿದೆ. ಹಾಸನಾಂಬೆಯ ಬಾಗಿಲು ತೆರೆದಿದ್ದ ವಾರದಲ್ಲಿ ನಾನು ಹುಟ್ಟಿದೆನೆಂದು ಅಮ್ಮ ಯಾವಾಗಲೂ ಹೇಳುತ್ತಿದ್ದರು. ಅಂದರೆ ದೀಪಾವಳಿಯ ಆಸುಪಾಸು. ನನ್ನ ಶಾಲೆಯ ದಾಖಲೆಯಲ್ಲಿ ಮಾತ್ರ ಜೂನ್ 1 ಎಂದಿದೆ, ಅದೂ ಒಂದು ವರ್ಷ ಬಿಟ್ಟು ಅದರ ಮುಂದಿನ ವರ್ಷದ ಜೂನ್ 1. ನಮ್ಮ ಕಾಲದಲ್ಲಿ ಮಗುವನ್ನು ಒಂದನೇ ತರಗತಿಗೆ ಕರೆತಂದ ದಿನ ಮೇಷ್ಟ್ರು ಅಂದಾಜಿನ ಮೇಲೆ ಬರೆದುಕೊಂಡದ್ದೇ ಹುಟ್ಟಿದ ದಿನವಾಗುತ್ತಿತ್ತು. ನಮ್ಮ ತರಗತಿಯಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಮಂದಿ ಇದ್ದರೆಂದು ನಿನಗೂ ಗೊತ್ತು. ಅದರಲ್ಲಿ ಯಾರ ಕೆಟ್ಟ ಉದ್ದೇಶವೂ ಇರಲಿಲ್ಲ. ಆದರೆ ತಾಲ್ಲೂಕು ಮಟ್ಟದ ಪಂದ್ಯಕ್ಕೆ ಹದಿನಾಲ್ಕರೊಳಗಿನವರ ತಂಡ ಕಟ್ಟುವಾಗ, ನನಗೆ ಹದಿನಾಲ್ಕು ದಾಟಿ ಎಷ್ಟೋ ತಿಂಗಳಾಗಿದ್ದುದು ನನಗೂ ಗೊತ್ತಿತ್ತು, ತಂಡ ಕಟ್ಟಿದವರಿಗೂ ಗೊತ್ತಿತ್ತು. ನನಗೆ ಜಾಗ ಮಾಡಿಕೊಡಲು ಎಸ್ಟೇಟಿನ ಲೈನ್ ಮನೆಯಿಂದ ಬರುತ್ತಿದ್ದ ಹುಡುಗನೊಬ್ಬನನ್ನು ಹೊರಗೆ ಕೂರಿಸಿದರು. ನಿನಗೆ ನೆನಪಿರಬಹುದು, ಎಡಗಾಲಿನಲ್ಲಿ ಒದೆಯುತ್ತಿದ್ದ, ಸಣಕಲು ಮೈಯವನು. ಅವನ ಬಿಳಿ ಕ್ಯಾನ್ವಾಸ್ ಶೂವಿನ ಹೆಬ್ಬೆರಳಿನ ಜಾಗ ಸವೆದು, ಅವನಮ್ಮ ಅಲ್ಲಿಗೆ ಗೋಣಿದಾರದಿಂದ ಹೊಲಿಗೆ ಹಾಕಿಕೊಟ್ಟಿದ್ದರು. ಪಂದ್ಯದ ದಿನ ಅವನು ಆ ಶೂವಿಗೆ ಸೀಮೆಸುಣ್ಣ ಬಳಿದು ಬೆಳ್ಳಗೆ ಮಾಡಿಕೊಂಡು ಬಂದಿದ್ದ. ಆಮೇಲೆ ಎರಡೂ ಹೊತ್ತು ನಮಗೆ ನೀರು ತಂದುಕೊಟ್ಟ. ನಾನು ಎರಡು ಗೋಲು ಹೊಡೆದೆ, ಎಲ್ಲರೂ ಹೊತ್ತು ಮೆರೆಸಿದರು. ಮರುವರ್ಷ ಅವನು ಮೈದಾನಕ್ಕೆ ಬರಲೇ ಇಲ್ಲ, ನಾನು ಕೇಳಲೂ ಇಲ್ಲ. ಇಪ್ಪತ್ತು ವರ್ಷಗಳಿಂದ ಸಂಜೆ ಹೊತ್ತು ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತಿದ್ದೇನೆ. ಪ್ರತಿ ಸಲ ತಂಡದ ಪಟ್ಟಿ ಬರೆಯುವಾಗ ಆ ಸೀಮೆಸುಣ್ಣದ ಶೂ ಕಣ್ಣ ಮುಂದೆ ಬರುತ್ತದೆ. ನಿನ್ನ ಮಗನಿಗಾಗಿ ಆ ಒಂದೂವರೆ ವರ್ಷ ಇಳಿಸಿದರೆ, ಎಲ್ಲೋ ಒಬ್ಬ ಹುಡುಗ ಹಾಗೆ ಹೊರಗೆ ಕೂರುತ್ತಾನೆ.

2017ರ ಅಕ್ಟೋಬರ್‌ನಲ್ಲಿ ನಾವು ಕೊಚ್ಚಿಗೆ ಹೋದದ್ದನ್ನು ಈಗ ನೆನಪಿಸುವುದಕ್ಕೂ ಕಾರಣವಿದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿ ಇಳಿದು, ಮಂಗಳೂರಿನಲ್ಲಿ ರೈಲು ಹಿಡಿದೆವು. ನಮ್ಮ ದೇಶದಲ್ಲಿ ಫಿಫಾ ನಡೆಸಿದ ಮೊದಲ ವಿಶ್ವಕಪ್ ಅದು. 24 ತಂಡಗಳು, ಆರು ಊರುಗಳು. 7ನೇ ತಾರೀಕು ಬ್ರೆಜಿಲ್ ಮತ್ತು ಸ್ಪೇನ್ ನಡುವೆ ಪಂದ್ಯ. ಐದನೇ ನಿಮಿಷದಲ್ಲೇ ಬ್ರೆಜಿಲ್ ತಾನೇ ತನ್ನ ಗೋಲಿಗೆ ಚೆಂಡು ಬಿಟ್ಟುಕೊಂಡಿತು, ಆಮೇಲೆ ಲಿಂಕನ್ ಸಮ ಮಾಡಿದ, ಅರ್ಧ ವಿರಾಮಕ್ಕೆ ಸರಿಯಾಗಿ ಪೌಲಿನ್ಯೊ ಎರಡನೆಯದನ್ನು ಹೊಡೆದ. ಹಳದಿ ಅಂಗಿಯ ಮಲಯಾಳಿಗಳ ನಡುವೆ ಆರು ವರ್ಷದ ನಿನ್ನ ಮಗ ನಿನ್ನ ಹೆಗಲೇರಿ ಕುಣಿದ. ಎರಡನೇ ಪಂದ್ಯದಲ್ಲಿ ನೈಜರ್ ತಂಡ ಉತ್ತರ ಕೊರಿಯಾವನ್ನು ಸೋಲಿಸುವಾಗ ನಿನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಹೊರಗೆ ಬರುವಾಗ ನೀನು, ‘ಇವರೆಲ್ಲ ನಮ್ಮ ಪಿ.ಯು. ಹುಡುಗರ ವಯಸ್ಸಿನವರಲ್ಲವೇನೋ’ ಎಂದು ಬೆರಗಿನಿಂದ ಹೇಳಿದೆ. ಈ ಪಂದ್ಯಾವಳಿಯ ಬೆಲೆಯೆಲ್ಲ ಇರುವುದು ಆ ಬೆರಗಿನಲ್ಲೇ. ಪತ್ರದಲ್ಲಿ ಹದಿನೇಳು, ಮೈಯಲ್ಲಿ ಹತ್ತೊಂಬತ್ತು ಎಂದಾದರೆ ಅಲ್ಲಿ ಬೆರಗುಪಡಲು ಏನು ಉಳಿಯಿತು?

ಎರಡು ದಿನ ಕಳೆದು ನಿನ್ನ ಮನೆಯ ಟಿ.ವಿ.ಯಲ್ಲಿ ಕೊಲಂಬಿಯಾದ ವಿರುದ್ಧ ನಮ್ಮವರ ಆಟ ನೋಡಿದೆವು. ಮೊದಲರ್ಧದ ಕೊನೆಯಲ್ಲಿ ರಾಹುಲ್ ಹೊಡೆದ ಚೆಂಡು ಕಂಬಕ್ಕೆ ಬಡಿದಾಗ ನೀನು ತಲೆಯ ಮೇಲೆ ಕೈಹೊತ್ತು ಕುಳಿತೆ. 82ನೇ ನಿಮಿಷದಲ್ಲಿ ನಮ್ಮ ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್ ಕಾರ್ನರ್ ಎತ್ತಿಕೊಟ್ಟ, ಮಣಿಪುರದ ಜೀಕ್ಸನ್ ಸಿಂಗ್ ಎಲ್ಲರಿಗಿಂತ ಎತ್ತರಕ್ಕೆ ಜಿಗಿದು ತಲೆಯಿಂದ ಗೋಲು ಹೊಡೆದ. ಫಿಫಾ ವಿಶ್ವಕಪ್‌ಗಳಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು. ಇನ್ನೂ ನಾವು ಕೂಗಿ ಮುಗಿಸಿರಲಿಲ್ಲ, ಮರುನಿಮಿಷದಲ್ಲಿ ಪೆನ್ಯಾಲೋಸಾ ಮತ್ತೆ ಗೋಲು ಹೊಡೆದು ಕೊಲಂಬಿಯಾವನ್ನು ಗೆಲ್ಲಿಸಿದ. ಅಮೆರಿಕಕ್ಕೆ 0–3, ಕೊಲಂಬಿಯಾಕ್ಕೆ 1–2, ಘಾನಾಕ್ಕೆ 0–4. ಮೂರೂ ಪಂದ್ಯ ಸೋತು ನಮ್ಮವರು ಹೊರಬಂದರು. ಆದರೂ ಆ ಒಂದು ಗೋಲನ್ನು ನಾನು ನನ್ನ ಮಕ್ಕಳಿಗೆ ಇಂದಿಗೂ ವರ್ಣಿಸುತ್ತೇನೆ, ಏಕೆಂದರೆ ಹದಿನಾರರ ಹುಡುಗನೊಬ್ಬ ತನ್ನ ಓರಗೆಯವರ ನಡುವೆ ಎದ್ದು ನಿಂತು ಹೊಡೆದ ಗೋಲು ಅದು. ಜೀಕ್ಸನ್ ಮುಂದೆ ಭಾರತದ ಹಿರಿಯರ ತಂಡಕ್ಕೂ ಬಂದ.

ಮೈಕಟ್ಟಿನ ಮಾತಿಗೆ ಬರುತ್ತೇನೆ, ಏಕೆಂದರೆ ಆಸೆ ತೋರಿಸಿದವರು ಹಿಡಿದುಕೊಂಡದ್ದು ಅದನ್ನೇ. ಈ ಪಂದ್ಯಾವಳಿಗೆ ವಯಸ್ಸಿನ ಗೆರೆ ಜನವರಿ 1ಕ್ಕೆ ಬೀಳುತ್ತದೆ. 2017ರಲ್ಲಿ ಆಡಿದವರು 2000ದ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ, ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಬೆಳವಣಿಗೆ ಇರುತ್ತದೆ. ಹದಿನಾಲ್ಕು ಹದಿನೈದರಲ್ಲಿ ಒಂದು ವರ್ಷವೆಂದರೆ ಅಂಗೈಯಗಲ ಎತ್ತರ, ಹೆಗಲಿನ ತೂಕ. ಆಯ್ಕೆ ಮಾಡುವವರ ಕಣ್ಣು ದೊಡ್ಡ ಮೈಯವರ ಮೇಲೆ ಬೀಳುವುದರಿಂದ ಜಗತ್ತಿನ ಬಹಳಷ್ಟು ಯುವ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಎಂಬುದು ಅಧ್ಯಯನ ಮಾಡಿದ ಹಲವರು ಕಂಡ ಮಾತು. ನಿನ್ನ ಮಗ ಡಿಸೆಂಬರ್‌ನವನು. ಅವನು ಸಣ್ಣವನಾಗಿ ಕಾಣುತ್ತಿರುವುದು ಅವನ ಕುಂದಲ್ಲ, ಕ್ಯಾಲೆಂಡರಿನ ಲೆಕ್ಕ ಅಷ್ಟೆ. ತನಗಿಂತ ದೊಡ್ಡವರ ನಡುವೆ ಚೆಂಡು ಕಾಪಾಡಿಕೊಳ್ಳಲು ಅವನು ಕಲಿತಿರುವ ಆ ತಿರುಗುವಿಕೆಯನ್ನು ಕಳೆದ ಬೇಸಿಗೆ ರಜೆಯಲ್ಲಿ ನಾನು ನೋಡಿದ್ದೇನೆ. ಎದುರಾಳಿಗೆ ಬೆನ್ನು ಕೊಟ್ಟು, ಚೆಂಡು ತಲುಪುವ ಮೊದಲೇ ಒಮ್ಮೆ ಹಿಂದಿರುಗಿ ನೋಡಿ, ಎಡಪಾದದ ಹೊರಬದಿಯಿಂದ ಅದನ್ನು ಮೆಲ್ಲಗೆ ಸರಿಸಿಕೊಂಡು ಹೋಗುತ್ತಾನೆ. ಚಿಕ್ಕವರ ನಡುವೆ ಬಿಟ್ಟರೆ ಮೈಯ ಬಲದಿಂದಲೇ ಕೆಲಸ ಸಾಗುತ್ತದೆ, ಆ ವಿದ್ಯೆ ಮರೆತುಹೋಗುತ್ತದೆ. ನನಗೆ ಅದೇ ಭಯ.

ಹದಿನೇಳರೊಳಗಿನವರ ವಿಶ್ವಕಪ್ ತಪ್ಪಿದರೆ ಎಲ್ಲವೂ ಮುಗಿಯಿತೆಂದೂ ತಿಳಿಯಬೇಡ. ಮೆಸ್ಸಿ ಅದನ್ನು ಆಡಿದವನಲ್ಲ, ಎಂಬಪ್ಪೆಯೂ ಆಡಿದವನಲ್ಲ. 2017ರಲ್ಲಿ ಬ್ರೆಜಿಲ್‌ನ ವಿನಿಸಿಯಸ್‌ನನ್ನು ಅವನ ಕ್ಲಬ್ಬಿನವರು ಭಾರತಕ್ಕೆ ಕಳುಹಿಸಲೇ ಇಲ್ಲ. ಇನ್ನೊಂದು ಕಡೆ, ಕೋಲ್ಕತ್ತದ ಫೈನಲ್‌ನಲ್ಲಿ ಎರಡು ಗೋಲು ಹಿಂದಿದ್ದ ಇಂಗ್ಲೆಂಡನ್ನು 5–2ರ ಗೆಲುವಿಗೆ ಒಯ್ದವರಲ್ಲಿ ಒಬ್ಬನಾದ ಫಿಲ್ ಫೋಡೆನ್ ಅಲ್ಲಿಂದಲೇ ದೊಡ್ಡವನಾದ. ಎರಡು ದಾರಿಗಳೂ ಇವೆ. ಹಿಂದೆ ಈ ಪಂದ್ಯಾವಳಿ ಎರಡು ವರ್ಷಕ್ಕೊಮ್ಮೆ ನಡೆಯುತ್ತಿತ್ತು. 2025ರಿಂದ ಪ್ರತಿವರ್ಷ ಕತಾರ್‌ನಲ್ಲಿ, 24ರ ಬದಲು 48 ತಂಡಗಳೊಂದಿಗೆ ನಡೆಯುವಂತಾಗಿದೆ. 2010ರಲ್ಲಿ ಹುಟ್ಟಿದ ಹುಡುಗರಿಗೆ 2027ರ ವಿಶ್ವಕಪ್ ಅವರದ್ದೇ. 2018ರಲ್ಲಿ ನಮ್ಮ ಹುಡುಗರು ಮಲೇಷ್ಯಾದಲ್ಲಿ ದಕ್ಷಿಣ ಕೊರಿಯಾಕ್ಕೆ 0–1ರಿಂದ ಸೋತು, ಒಂದೇ ಪಂದ್ಯದ ಅಂತರದಲ್ಲಿ ವಿಶ್ವಕಪ್ಪಿನ ಅರ್ಹತೆ ಕಳೆದುಕೊಂಡಾಗ ನಾವಿಬ್ಬರೂ ಮಾತಿಲ್ಲದೆ ಕುಳಿತಿದ್ದೆವು. 2025ರ ನವೆಂಬರ್‌ನಲ್ಲಿ ಅಹಮದಾಬಾದಿನಲ್ಲಿ ನಮ್ಮ ಹದಿನೇಳರೊಳಗಿನವರು ಇರಾನ್ ತಂಡವನ್ನು 2–1ರಿಂದ ಸೋಲಿಸಿ, ವಿಶ್ವಕಪ್ಪಿಗೆ ದಾರಿಯಾದ ಏಷ್ಯಾ ಕಪ್ಪಿಗೆ ಅರ್ಹರಾದಾಗ ನೀನು ಫೋನಿನಲ್ಲಿ ಅತ್ತದ್ದು ನನಗೆ ಕೇಳಿಸಿತ್ತು. ಬಾಗಿಲು ಮುಚ್ಚಿಲ್ಲ, ಮಾರಾಯ.

ಆದ್ದರಿಂದ ಜನನ ಪತ್ರವನ್ನು ಇದ್ದ ಹಾಗೆಯೇ ಇಡು. ಹಾಗೆ ಹೇಳಿದವರಿಗೆ ಜಗಳವಾಡದೆ, ಅವನು ತನ್ನ ವಯಸ್ಸಿನವರ ಜೊತೆಯಲ್ಲೇ ಆಡುತ್ತಾನೆ ಎಂದು ತಿಳಿಸಿಬಿಡು. ಈ ಮಾತು ನಡೆದದ್ದು ಮಗನ ಕಿವಿಗೂ ಬಿದ್ದಿದೆ ಎಂದೆಯಲ್ಲ, ಅವನನ್ನು ಕೂರಿಸಿಕೊಂಡು ನೀನೇ ಹೇಳು. ನಾನು ಹೇಳಿದೆನೆಂದು ಹೇಳಬೇಡ, ಅಪ್ಪನ ಬಾಯಿಂದಲೇ ಬರಲಿ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬೇಲೂರಿನ ಮೇಲೆ ಇಬ್ಬರೂ ಬನ್ನಿ. ನನ್ನ ಬಳಿ ಕಲಿಯುವ ಹುಡುಗರಲ್ಲಿ ಅವನ ಓರಗೆಯವರು ಐದಾರು ಮಂದಿ ಇದ್ದಾರೆ, ಎಲ್ಲರೂ ಅವನಿಗಿಂತ ಎತ್ತರ. ಮಳೆ ಬಂದರೂ ಆಟ ನಿಲ್ಲಿಸುವುದಿಲ್ಲ, ಇನ್ನೊಂದು ಜೊತೆ ಕಾಲುಚೀಲ ತರಲು ಹೇಳು. ಅವನ ಬೂಟಿನ ಅಳತೆ ಈಗ ಎಷ್ಟಾಗಿದೆ ಎಂದು ತಿಳಿಸು, ಹಳೆಯದು ಬಿಗಿಯಾಗುತ್ತಿದೆ ಎಂದು ಅವನು ಹೋದ ಸಲವೇ ಹೇಳುತ್ತಿದ್ದ.

ಅತ್ತಿಗೆಯವರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ,
ಬಾಲ್ಯದ ಗೆಳೆಯ