ತಮ್ಮನ ಮಗನಿಗೆ, ಆಪರೇಶನ್ ವಿಷಯವಾಗಿ

ಕುವೆಂಪುನಗರ, ಮೈಸೂರು

ಪ್ರೀತಿಯ ಮಗಾ,

ನಿಮ್ಮಪ್ಪ ನಿನ್ನೆ ರಾತ್ರಿ ಫೋನ್ ಮಾಡಿದ್ದ. ನಿನ್ನ ಎಂಆರ್‌ಐನಲ್ಲಿ ಪಿಟ್ಯುಟರಿ ಗ್ರಂಥಿಯಲ್ಲಿ 14 ಮಿಲಿಮೀಟರ್ ಗಡ್ಡೆ ಕಂಡಿದೆಯಂತೆ. ಡಾಕ್ಟರು ಆಪರೇಶನ್ ಮಾಡಿಸು ಅಂದರೆ, ನೀನು "ಕಬ್ಬು ಕಟಾವು ಮುಗಿಯಲಿ, ತಂಗಿ ಮದುವೆ ಆಗಲಿ, ಆಮೇಲೆ ನೋಡೋಣ" ಅಂದೆಯಂತೆ. ಫೋನಿನಲ್ಲಿ ಹೇಳಿದರೆ "ಹೂಂ ಅತ್ತೆ" ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಇಂಥ ಗಡ್ಡೆಯಿಂದ ಕೈಕಾಲು, ಮುಖ ಬೆಳೆಯುತ್ತಾ ಹೋಗುವ ಇದೇ ಅಕ್ರೋಮೆಗಲಿ ಕಾಯಿಲೆ ನನಗೂ ಇತ್ತು ಅನ್ನೋದು ನಿನಗೆ ಗೊತ್ತು. ಆಗ ನೀನು ಸಣ್ಣವನು. ಗೊತ್ತಾಗುವುದಕ್ಕೆ ಮುಂಚಿನ ಏಳು ವರ್ಷ ಹೇಗೆ ಹೋಯಿತು ಅಂತ ಯಾರೂ ನಿನಗೆ ಹೇಳಿರಲಾರರು. ಮೊದಲು ಉಂಗುರ ಬಿಗಿಯಾಯಿತು. ಸೋಪು ಹಚ್ಚಿ ಎಳೆದರೂ ಬರದೆ, ಅಕ್ಕಸಾಲಿಗನ ಹತ್ತಿರ ಕತ್ತರಿಸಿ ತೆಗೆಸಿದೆ. ದಪ್ಪ ಆಗುತ್ತಿದ್ದೇನೆ ಅಂದುಕೊಂಡೆ. ಆರನೇ ನಂಬರಿನ ಚಪ್ಪಲಿ ಎಂಟಕ್ಕೆ ಬಂತು. ಕೆಳಗಿನ ಹಲ್ಲುಗಳ ನಡುವೆ ಸಂದು ಬಿತ್ತು. ದನಿ ಒರಟಾಯಿತು. ರಾತ್ರಿ ಕೈಬೆರಳು ಜೋಮು ಹಿಡಿದು ಎಚ್ಚರವಾಗುತ್ತಿತ್ತು. ಬಿಪಿಗೆ ಒಬ್ಬರು ಮಾತ್ರೆ ಕೊಟ್ಟರು, ಸಕ್ಕರೆಗೆ ಇನ್ನೊಬ್ಬರು, ಮಂಡಿನೋವಿಗೆ ಮತ್ತೊಬ್ಬರು. ಎಲ್ಲವನ್ನೂ ಸೇರಿಸಿ ಯಾರೂ ನೋಡಲಿಲ್ಲ. ಸೇರಿಸಿ ಹೇಳಬೇಕು ಅಂತ ನನಗೂ ಹೊಳೆಯಲಿಲ್ಲ.

ಕೊನೆಗೆ ದೇವರಾಜ ಮಾರುಕಟ್ಟೆಯಲ್ಲಿ ಪಕ್ಕದಲ್ಲಿ ಬರುವವರಿಗೆಲ್ಲ ಡಿಕ್ಕಿ ಹೊಡೆಯತೊಡಗಿದೆ. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಎರಡೂ ಕಣ್ಣಿನ ಹೊರಬದಿಯ ನೋಟ ಹೋಗಿದೆ ಅಂದರು. ಗಡ್ಡೆ ಮೇಲಕ್ಕೆ ಬೆಳೆದು ಕಣ್ಣಿನ ನರಗಳನ್ನು ಒತ್ತುತ್ತಿತ್ತು. ಆಪರೇಶನ್ ಆದ ಮೇಲೆ ಬಲಗಣ್ಣು ಬಹಳ ಮಟ್ಟಿಗೆ ಸರಿಹೋಯಿತು. ಎಡಗಣ್ಣಿನ ಅಂಚು ಇವತ್ತಿಗೂ ಮಂಜು. ನಿನ್ನ ಕಣ್ಣು ಇನ್ನೂ ಚೆನ್ನಾಗಿದೆ, ಮಗಾ. ಕಬ್ಬನ್ನು ನಿಮ್ಮಪ್ಪ ಕಡಿಸುತ್ತಾನೆ.

ಇದು ಕ್ಯಾನ್ಸರ್ ಅಲ್ಲ ಅಂತ ಡಾಕ್ಟರು ಹೇಳಿದ್ದನ್ನು ನೀನು "ಹಾಗಾದರೆ ಅವಸರ ಇಲ್ಲ" ಅಂತ ಕೇಳಿಸಿಕೊಂಡಿದ್ದೀಯ. ಮೂಗಿನ ಹಿಂದೆ, ಮೆದುಳಿನ ಕೆಳಗೆ, ಬಟಾಣಿ ಕಾಳಿನಷ್ಟು ಗ್ರಂಥಿ ಅದು. ಅಲ್ಲಿನ ಗಡ್ಡೆ ಬೆಳವಣಿಗೆಯ ಹಾರ್ಮೋನನ್ನು ಸುರಿಸುತ್ತಲೇ ಇರುತ್ತದೆ. ಆ ಹಾರ್ಮೋನಿನ ಮಾತು ಕೇಳಿ ಲಿವರ್ ಐಜಿಎಫ್-1 ಅನ್ನೋದನ್ನು ಜಾಸ್ತಿ ಮಾಡುತ್ತದೆ. ನಿನ್ನ ರಕ್ತದಲ್ಲಿ ಏರಿರುವುದು ಅದೇ. ಕೈಕಾಲು, ದವಡೆ ದೊಡ್ಡದಾಗುವುದು ಕಣ್ಣಿಗೆ ಕಾಣುತ್ತದೆ. ಒಳಗೆ ಹೃದಯದ ಗೋಡೆ ದಪ್ಪವಾಗುವುದು ಕಾಣುವುದಿಲ್ಲ. ನಿದ್ದೆಯಲ್ಲಿ ಉಸಿರು ಕಟ್ಟುವುದು ನಿನಗೇ ತಿಳಿಯುವುದಿಲ್ಲ. ನೀನು ಗೊರಕೆ ಹೊಡೆಯುತ್ತಾ ನಡುವೆ ಸುಮ್ಮನಾಗಿಬಿಡುತ್ತೀಯ ಅಂತ ನಿಮ್ಮಮ್ಮ ಹೇಳುತ್ತಿದ್ದಳು. ಅದನ್ನು ಅರಿವಳಿಕೆ ಕೊಡುವ ಡಾಕ್ಟರಿಗೆ ಮರೆಯದೆ ಹೇಳು. ನಾಲಿಗೆ, ದವಡೆ ದೊಡ್ಡದಾದವರಿಗೆ ಉಸಿರಿನ ನಳಿಗೆ ಹಾಕುವುದು ಕಷ್ಟ. ಅವರು ಮೊದಲೇ ತಯಾರಾಗಿರಬೇಕು. ಹೃದಯದ ಎಕೋ ಸ್ಕ್ಯಾನ್ ಮಾಡಿಸು. ದೊಡ್ಡ ಕರುಳಿನಲ್ಲಿ ಪಾಲಿಪ್ ಅನ್ನೋ ಸಣ್ಣ ಗಂಟು ಆಗುವುದು ಈ ಕಾಯಿಲೆಯವರಲ್ಲಿ ಜಾಸ್ತಿ, ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಕೊಲೊನೊಸ್ಕೋಪಿ ಬರೆದುಕೊಟ್ಟರೆ ಮುಜುಗರ ಪಡಬೇಡ.

ಪಕ್ಕದೂರಿನ ಹುಡುಗಿಗೆ ಮಾತ್ರೆಯಲ್ಲೇ ಗಡ್ಡೆ ಕರಗಿತು ಅಂದೆಯಂತೆ. ಅವಳದು ಪ್ರೊಲಾಕ್ಟಿನ್ ಅನ್ನೋ ಬೇರೆ ಹಾರ್ಮೋನ್ ಸುರಿಸುವ ಗಡ್ಡೆ ಇರಬೇಕು. ಅದು ಕ್ಯಾಬರ್ಗೋಲಿನ್ ಮಾತ್ರೆಗೆ ಚೆನ್ನಾಗಿ ಬಗ್ಗುತ್ತದೆ. ನಿನ್ನದಕ್ಕೆ ಸಾಮಾನ್ಯವಾಗಿ ಆಪರೇಶನ್ನೇ ಮೊದಲು. ಕಷಾಯದ ಮಾತಂತೂ ಬೇಡವೇ ಬೇಡ.

ತಲೆ ಕೊಯ್ಯುತ್ತಾರೆ ಅಂತ ಹೆದರಬೇಡ. ಮೂಗಿನ ದಾರಿಯಲ್ಲಿ ಎಂಡೋಸ್ಕೋಪ್ ಹಾಕಿ ತೆಗೆಯುತ್ತಾರೆ. ಆದರೆ ಕೈ ಪಳಗಿದವರು ಬೇಕು. ಇಂಥ ಆಪರೇಶನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ ಅಂತ ಕೇಳು, ಅವರು ತಪ್ಪು ತಿಳಿಯುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ ಒಮ್ಮೆ ತೋರಿಸೋಣ ಅಂತ ನನ್ನ ಮನಸ್ಸು. ಮನೆಗೆ ಬಂದ ಮೇಲೆ ಕೆಲವು ವಾರ ಮೂಗು ಸೀಟಬೇಡ, ಭಾರ ಎತ್ತಬೇಡ, ಸೀನು ಬಂದರೆ ಬಾಯಿ ತೆರೆದು ಸೀನು. ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ, ವಿಪರೀತ ದಾಹವಾಗಿ ಮೇಲಿಂದ ಮೇಲೆ ಮೂತ್ರ ಹೋದರೆ, ತಲೆನೋವು ವಾಂತಿ ಶುರುವಾದರೆ, ಬೆಳಗಾಗಲಿ ಅಂತ ಕಾಯದೆ ಹೊರಡು.

ಇನ್ನೊಂದು ನನ್ನದೇ ತಪ್ಪು. ಆಪರೇಶನ್ ಆದ ಮೇಲೆ ನನ್ನ ಗ್ರಂಥಿಗೆ ಮೊದಲಿನ ಶಕ್ತಿ ಇರಲಿಲ್ಲ, ಕಾಯಿಲೆ ಬಿದ್ದಾಗ ದೇಹವನ್ನು ಎತ್ತಿಹಿಡಿಯುವ ಕಾರ್ಟಿಸಾಲ್ ಹಾರ್ಮೋನಿನ ಬದಲಿಗೆ ಹೈಡ್ರೋಕಾರ್ಟಿಸೋನ್ ಮಾತ್ರೆ ಕೊಟ್ಟಿದ್ದರು. ಜ್ವರ ಬಂದರೆ ಡೋಸ್ ಎರಡರಷ್ಟು ಮಾಡಬೇಕು, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್ನೇ ಬೇಕು ಅಂತ ಬರೆದೂ ಕೊಟ್ಟಿದ್ದರು. ಒಂದು ದಸರಾದಲ್ಲಿ ಮನೆ ತುಂಬ ನೆಂಟರು. ನನಗೆ ವಾಂತಿ ಭೇದಿ. ಊಟವೇ ಸೇರದಾಗ ಮಾತ್ರೆ ಯಾಕೆ ಅಂತ ಎರಡು ದಿನ ಬಿಟ್ಟೆ. ಮೂರನೇ ದಿನ ಬಚ್ಚಲಮನೆಯಲ್ಲಿ ಕುಸಿದೆ, ಬಿಪಿ ಪೂರ್ತಿ ಇಳಿದಿತ್ತು. ನಿಮ್ಮ ಮಾವ ಆಸ್ಪತ್ರೆಗೆ ಹೊತ್ತೊಯ್ದದ್ದರಿಂದ ಇವತ್ತು ಬರೆಯುತ್ತಿದ್ದೇನೆ. ನಿನಗೂ ಆ ಮಾತ್ರೆ ಕೊಟ್ಟರೆ, ಅದನ್ನು ತೆಗೆದುಕೊಳ್ಳುತ್ತಿದ್ದೇನೆ ಅಂತ ಬರೆದ ಒಂದು ಚೀಟಿ ಪರ್ಸಿನಲ್ಲಿ ಇಟ್ಟುಕೊಂಡಿರು.

ಸುಮಾರು ಮೂರು ತಿಂಗಳಿಗೆ ಐಜಿಎಫ್-1 ಮತ್ತೆ ನೋಡುತ್ತಾರೆ. ಇಳಿಯದಿದ್ದರೆ ಎದೆಗುಂದಬೇಡ. ನನಗೂ ಪೂರ್ತಿ ಇಳಿಯಲಿಲ್ಲ. ಆ ಹಾರ್ಮೋನನ್ನು ತಗ್ಗಿಸುವ ಆಕ್ಟ್ರಿಯೊಟೈಡ್ ಇಂಜೆಕ್ಷನ್ ತಿಂಗಳಿಗೊಂದು ನಡೆದಿದೆ. ಖರ್ಚಿನ ವಿಷಯ ಮೊದಲೇ ವಿಚಾರಿಸೋಣ, ಅದು ನಿನ್ನೊಬ್ಬನ ತಲೆಬಿಸಿ ಅಲ್ಲ.

ತಂಗಿಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಹೆಚ್ಚಿನವರಲ್ಲಿ ಇದು ವಂಶದಿಂದ ಬರುವುದಲ್ಲ. ಆದರೆ ನಮ್ಮ ಮನೆಯಲ್ಲಿ ಈಗ ಇಬ್ಬರಾದೆವು. ಹೀಗಾದಾಗ ಎಐಪಿ ಅನ್ನೋ ಜೀನ್ ಮತ್ತು ಅಂಥ ಇನ್ನು ಕೆಲವನ್ನು ಪರೀಕ್ಷೆ ಮಾಡುತ್ತಾರೆ. ನಿಮ್ಮಪ್ಪನಿಗೆ ಏನೂ ಇಲ್ಲದಿದ್ದರೂ ಅವನ ಮೂಲಕ ದಾಟಿ ಬಂದಿರಬಹುದು. ಜೀನ್ ಇದ್ದವರಿಗೆಲ್ಲ ಗಡ್ಡೆ ಬರುವುದಿಲ್ಲ, ಅದನ್ನೂ ತಂಗಿಗೆ ತಿಳಿಸಿ ಹೇಳು. ಮದುವೆ ಕೆಡುತ್ತದೆ ಅಂತ ಮುಚ್ಚಿಡುವುದು ಮಾತ್ರ ಬೇಡ.

ಮುಖದ ಬಗ್ಗೆ ನಿನಗೆ ಎಷ್ಟು ನೋವಿದೆ ಅಂತ ನನಗೆ ಗೊತ್ತು. ಈಗೀಗ ನೀನು ಫೋಟೊಗೆ ನಿಲ್ಲುವುದೇ ಇಲ್ಲ. ತುಟಿ, ಮೂಗು, ಬೆರಳಿನ ಊತ ಇಳಿಯುತ್ತದೆ. ಬೆಳೆದ ಮೂಳೆ ಹಿಂದಕ್ಕೆ ಹೋಗುವುದಿಲ್ಲ. ಬೇಗ ಮಾಡಿಸಿದಷ್ಟೂ ಅಲ್ಲಿಗೇ ನಿಲ್ಲುತ್ತದೆ. ನಿನ್ನ ಮದುವೆ, ಮಕ್ಕಳ ವಿಷಯವನ್ನೂ ಡಾಕ್ಟರ ಹತ್ತಿರ ನಾಚಿಕೆ ಬಿಟ್ಟು ಕೇಳು. ಈ ಗ್ರಂಥಿಗೂ ಅದಕ್ಕೂ ಸಂಬಂಧ ಇದೆ.

ಪಿಯುಸಿ ಸಮಯದ ಒಂದು ಫೋಟೊ ಹುಡುಕಿಡು, ಈಗಿನ ಮುಖಕ್ಕೆ ಹೋಲಿಸಿ ನೋಡಲು ಡಾಕ್ಟರಿಗೆ ಬೇಕಾಗುತ್ತದೆ. ಎಂಆರ್‌ಐ ಫಿಲ್ಮ್, ರಕ್ತದ ರಿಪೋರ್ಟ್ ಎಲ್ಲ ಒಂದೇ ಕವರಿನಲ್ಲಿರಲಿ. ಸೋಮವಾರ ಬೆಳಗ್ಗಿನ ರೈಲಿಗೆ ನಾನು ಇಲ್ಲಿ ಹತ್ತುತ್ತೇನೆ, ನೀನು ಮಂಡ್ಯದಲ್ಲಿ ಹತ್ತು. ತಿಂಡಿ ನಾನು ತರುತ್ತೇನೆ.

ನಿನ್ನ ಅತ್ತೆ