ಹಳೇ ಡೀಸೆಲ್ ಎಸ್‌ಯುವಿ ಕೈಬಿಡೋ ಮುಂಚೆ ಇಷ್ಟು ನೋಡಿ

ಸದಸ್ಯರ ಗಮನಕ್ಕೆ: ಗಾಡಿ ಪದೇ ಪದೇ ಕೈಕೊಡುತ್ತಿದೆ ಅಂತ ಬೇಸತ್ತು ಬಂದ ಬೆಲೆಗೆ ಕೊಟ್ಟುಬಿಡಬೇಡಿ.

ಮೊದಲು ಚಾಸಿ, ಅಂದರೆ ಗಾಡಿಯ ಕೆಳಗಿನ ಚೌಕಟ್ಟು. ಗ್ಯಾರೇಜ್‌ನ ಪಿಟ್ ಮೇಲೆ ನಿಲ್ಲಿಸಿ, ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಬಾಡಿ ಮೌಂಟ್‌ಗಳ (ಬಾಡಿಯನ್ನು ಚಾಸಿಗೆ ಬಿಗಿಯುವ ಜಾಗಗಳು) ಸುತ್ತ ಸ್ಕ್ರೂಡ್ರೈವರ್‌ನಿಂದ ಗಟ್ಟಿಯಾಗಿ ಚುಚ್ಚಿ. ಟಣ್ ಅಂದರೆ ಸರಿ. ತುಕ್ಕಿನ ಪದರ ಉದುರಿ ತುದಿ ಒಳಗೆ ಹೋಯಿತೋ, ಎಂಜಿನ್‌ಗೆ ಒಂದು ರೂಪಾಯಿಯೂ ಹಾಕಬೇಡಿ. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಇನ್ನೂ ಹುಷಾರು.

ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲೇ (ಆಕ್ಸಿಲರೇಟರ್ ಒತ್ತದೆ ಓಡುತ್ತಿರುವಾಗಲೇ) ಆಯಿಲ್ ಮುಚ್ಚಳ ಬಿಚ್ಚಿ, ಅದೇ ಬಾಯಿಯ ಮೇಲೆ ಬೋರಲು ಇಡಿ. ನಡುಗಿದರೆ ಚಿಂತೆಯಿಲ್ಲ, ಹಾರಿಬಿದ್ದು ಹೊಗೆ ಒತ್ತಿ ಬಂದರೆ ಪಿಸ್ಟನ್ ರಿಂಗ್, ಸಿಲಿಂಡರ್ ಬೋರ್ ಸವೆದಿರುವ ಸಾಧ್ಯತೆ ಹೆಚ್ಚು. ಆಗ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಅಳೆಸಿ.

ಸ್ಟಾರ್ಟಿಂಗ್ ತೊಂದರೆ, ಸುಮ್ಮಸುಮ್ಮನೆ ಉರಿಯುವ ವಾರ್ನಿಂಗ್ ಲೈಟ್‌ಗಳಿಗೆ ಎಷ್ಟೋ ಸಲ ಅರ್ತ್ ವೈರೇ (ಬ್ಯಾಟರಿಯ ಮೈನಸ್ ಅನ್ನು ಎಂಜಿನ್, ಬಾಡಿಗೆ ಜೋಡಿಸುವ ತಂತಿ) ಕಾರಣ. ಬ್ಯಾಟರಿಯ ಮೈನಸ್‌ಗೂ ಎಂಜಿನ್ ಬ್ಲಾಕ್‌ಗೂ ಮಲ್ಟಿಮೀಟರ್ ಹಿಡಿದು ಕ್ರ್ಯಾಂಕ್ ಮಾಡಿಸಿ (ಕೀ ತಿರುಗಿಸಿ ಸ್ಟಾರ್ಟರ್ ಓಡಿಸಿ). 0.5 ವೋಲ್ಟ್ ದಾಟಿದರೆ ಆ ವೈರಿನ ತುದಿಗಳನ್ನು ಎಮರಿ ಪೇಪರ್‌ನಿಂದ ಉಜ್ಜಿ, ಇಲ್ಲವೇ ವೈರನ್ನೇ ಬದಲಿಸಿ. ಸೆನ್ಸರ್, ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬದಲಿಸುವ ಮಾತು ಆಮೇಲೆ.

ಇಟ್ಟುಕೊಳ್ಳಬೇಕೋ ಬೇಡವೋ ಅಂತ ತೀರ್ಮಾನಿಸುವಾಗ ಇದುವರೆಗೆ ಸುರಿದ ದುಡ್ಡನ್ನು ಲೆಕ್ಕಕ್ಕೆ ತರಬೇಡಿ. ಮುಂದಿನ 2 ವರ್ಷದ ಟೈರ್, ಕ್ಲಚ್, ಇನ್ಶೂರೆನ್ಸ್ ಸೇರಿಸಿ ನೋಡಿ. 15 ವರ್ಷ ತುಂಬುತ್ತಿದ್ದರೆ ಆರ್‌ಸಿ ನವೀಕರಣ, ಹಸಿರು ತೆರಿಗೆಯೂ ಸೇರಲಿ. ನವೀಕರಣದ ಅರ್ಜಿಯಾದ ಫಾರಂ 25 ಅನ್ನು ಆರ್‌ಸಿ ಅವಧಿ ಮುಗಿಯುವ ಮುಂಚಿನ 60 ದಿನದೊಳಗೆ ಕೊಡಬಹುದು.

ಗುಜರಿಗೇ ಅಂತ ತೀರ್ಮಾನವಾದರೆ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಟ್ಟು, ಡೆಪಾಸಿಟ್ ಸರ್ಟಿಫಿಕೇಟ್ (ಗಾಡಿ ಒಪ್ಪಿಸಿದ್ದಕ್ಕೆ ಪುರಾವೆ) ಪಡೆದು, ಆರ್‌ಸಿ ರದ್ದಾಗಿದೆಯೇ ಅಂತ ಖಚಿತಪಡಿಸಿಕೊಳ್ಳಿ.