‘ನೀರು ಬಂದಿಲ್ಲ’ ಎನ್ನಲೂ ರೇಡಿಯೊಗೆ ಅನುಮತಿ ಬೇಕೆ?

ಮಾನ್ಯ ಸಂಪಾದಕರೇ,

‘ನಾಳೆ ಬೆಳಿಗ್ಗೆ 6ರಿಂದ 8ರವರೆಗೆ ನೀರು ಬಿಡಲಾಗುವುದು’ ಎಂದು ಹಳ್ಳಿಯ ಸಮುದಾಯ ರೇಡಿಯೊ ಧಾರಾಳವಾಗಿ ಹೇಳಬಹುದು. ‘ಮೂರನೇ ವಾರ್ಡಿಗೆ ಎಂಟು ದಿನದಿಂದ ನೀರು ಬಂದಿಲ್ಲ’ ಎನ್ನಲು ಹೊರಟರೆ ಮೈಕಿನ ಮುಂದೆ ಕೂತವರು ಹಿಂಜರಿಯುತ್ತಾರೆ. ಮೊದಲನೆಯದು ಪ್ರಕಟಣೆ, ಎರಡನೆಯದು ಸುದ್ದಿ. ಸ್ವಂತವಾಗಿ ಸುದ್ದಿ ಬಿತ್ತರಿಸುವುದು ಸಮುದಾಯ ರೇಡಿಯೊಗೆ ನಿಷಿದ್ಧ. ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಅಥವಾ ಸ್ಥಳೀಯ ಭಾಷೆಗೆ ಅನುವಾದಿಸಿ ಮರುಪ್ರಸಾರ ಮಾಡಬಹುದು. ಅದರಲ್ಲಿ ದೆಹಲಿ, ಬೆಂಗಳೂರಿನ ವಿಷಯ ಸಿಕ್ಕೀತು, ಮೂರನೇ ವಾರ್ಡಿನ ವಿಷಯವಲ್ಲ.

ಯಾವುದು ಸುದ್ದಿಯಲ್ಲ ಎಂಬುದನ್ನು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಮಾರ್ಗಸೂಚಿ ಪಟ್ಟಿ ಮಾಡಿದೆ. ಸಂಚಾರ, ಹವಾಮಾನ, ಉತ್ಸವ, ಪರೀಕ್ಷೆ ಮತ್ತು ಫಲಿತಾಂಶ, ಪ್ರವೇಶಾತಿ, ಉದ್ಯೋಗಾವಕಾಶ ಇವಕ್ಕೆಲ್ಲ ಅಡ್ಡಿಯಿಲ್ಲ. ಊರಿನ ಕಬಡ್ಡಿ ಪಂದ್ಯದ ವೀಕ್ಷಕ ವಿವರಣೆಯನ್ನೂ ಕೊಡಬಹುದು. ಕರೆಂಟು, ನೀರು, ಪ್ರಕೃತಿ ವಿಕೋಪ, ಆರೋಗ್ಯದ ಎಚ್ಚರಿಕೆಗಳೂ ಪಟ್ಟಿಯಲ್ಲಿವೆ, ಆದರೆ ಅವಕ್ಕೆ ‘ಸ್ಥಳೀಯ ಆಡಳಿತ ಒದಗಿಸಿದಂತೆ’ ಎಂಬ ಬಾಲ ಅಂಟಿಸಲಾಗಿದೆ. ತೊಡಕಿರುವುದು ಆ ಬಾಲದಲ್ಲಿ. ಬೋರ್‌ವೆಲ್ಲಿನ ಮೋಟರ್ ಸುಟ್ಟಿದ್ದು ನೀರುಗಂಟಿಗೆ ಗೊತ್ತು, ಖಾಲಿ ಕೊಡ ಹಿಡಿದು ನಲ್ಲಿಯ ಬಳಿ ನಿಂತವರಿಗೂ ಗೊತ್ತು. ಪಿಡಿಒ ತಿಳಿಸುವ ತನಕ ರೇಡಿಯೊ ಮಾತ್ರ ಗೊತ್ತಿಲ್ಲದಂತೆ ಇರಬೇಕು.

ಈ ಕೇಂದ್ರಗಳ ಶಕ್ತಿಯಾದರೂ ಎಷ್ಟು? ಪ್ರಸಾರ ಸಾಮರ್ಥ್ಯದ ಸಾಮಾನ್ಯ ಮಿತಿ 100 ವಾಟ್. ಆಂಟೆನಾ ನೆಲದಿಂದ 15 ಮೀಟರಿಗಿಂತ ಕೆಳಗಿರಬಾರದು, 30 ಮೀಟರ್ ದಾಟಬಾರದು. ಬಯಲಿನಲ್ಲಿ 10–15 ಕಿ.ಮೀ. ಕೇಳಿಸಿದರೆ ಹೆಚ್ಚು, ಎಫ್‌ಎಂ ಅಲೆ ನೇರ ದಾರಿಯಲ್ಲಿ ಸಾಗುವುದರಿಂದ ಮಲೆನಾಡಿನಲ್ಲಿ ಒಂದು ಗುಡ್ಡ ಅಡ್ಡ ಬಂದರೂ ಆಚೆ ಬದಿಯ ಊರಿಗೆ ಬರೀ ಗೊರಗೊರ ಸದ್ದು. ಅದೇ ಮೂರನೇ ವಾರ್ಡಿನ ಯುವಕನೊಬ್ಬ ಮೊಬೈಲ್ ಹಿಡಿದು ಅದೇ ಮಾತನ್ನು ಯೂಟ್ಯೂಬಿನಲ್ಲಿ ಇಡೀ ಜಗತ್ತಿಗೆ ಹೇಳಬಹುದು. ಟಿ.ವಿ. ವಾಹಿನಿಗಳು ದಿನದ 24 ಗಂಟೆಯೂ ಹೇಳಬಹುದು. ಡೇಟಾ ಹಾಕಿಸಲು ಕಾಸಿಲ್ಲದವರಿಗೂ, ಓದು ಬಾರದವರಿಗೂ ತಲುಪುವ ರೇಡಿಯೊಗೆ ಮಾತ್ರ ಈ ಕಟ್ಟು ಏಕೆ?

ಭದ್ರತೆಯ ಕಾರಣ ಹೇಳುವವರು ಲೈಸೆನ್ಸಿನ ದಾರಿಯನ್ನು ಒಮ್ಮೆ ನೋಡಬೇಕು. ಸ್ವಯಂಸೇವಾ ಸಂಸ್ಥೆಯ ಅರ್ಜಿಯು ಗೃಹ, ರಕ್ಷಣಾ ಸಚಿವಾಲಯಗಳ ಮೇಜು ದಾಟಿ ಬರಬೇಕು. ಟ್ರಾನ್ಸ್‌ಮಿಟರ್ ನಿಲ್ಲುವ ಜಾಗಕ್ಕೆ ಬೇರೆ ಅನುಮತಿ. ಅದು ಆ ಜಾಗಕ್ಕಷ್ಟೇ ಸಲ್ಲುತ್ತದೆ, ಬೇರೆ ಕಟ್ಟಡಕ್ಕೆ ಹೋದರೆ ಮತ್ತೆ ಮೊದಲಿನಿಂದ ಶುರು. ಆಮೇಲೆ ಸರ್ಕಾರದೊಂದಿಗೆ ಒಪ್ಪಂದ, ಕೊನೆಗೆ ವೈರ್‌ಲೆಸ್ ಲೈಸೆನ್ಸ್. ಪ್ರಸಾರವಾದ ಕಾರ್ಯಕ್ರಮಗಳ ಧ್ವನಿಮುದ್ರಣವನ್ನು ಮೂರು ತಿಂಗಳು ಜೋಪಾನ ಮಾಡಲೇಬೇಕು. ತಪ್ಪು ಸುದ್ದಿ ಹೋಯಿತೆಂದು ದೂರು ಬಂದರೆ ಕೇಳಿ ನೋಡಲು ಸಾಕ್ಷ್ಯ ಕೇಂದ್ರದಲ್ಲೇ ಇರುತ್ತದೆ. ಇಷ್ಟು ಸೋಸಿ ಅನುಮತಿ ಕೊಟ್ಟ ಮೇಲೂ ಬಾಯಿ ಕಟ್ಟುವುದು ಅನ್ಯಾಯ.

ವಾಯುತರಂಗ ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಆದರೂ ಸ್ವಯಂಸೇವಾ ಸಂಸ್ಥೆಗಳಿಗೆ ರೇಡಿಯೊ ಬಾಗಿಲು ತೆರೆದದ್ದು 2006ರಲ್ಲಿ. ಅದಕ್ಕೂ ಮೊದಲೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ರೇಡಿಯೊ ನಡೆಯುತ್ತಿತ್ತು. ಗಾಳಿಯಲ್ಲಿ ಬಿಡಲು ಲೈಸೆನ್ಸ್ ಇಲ್ಲದ್ದರಿಂದ ಊರವರ ದನಿ ಟಿ.ವಿ. ಕೇಬಲ್‌ನೊಳಗೆ ಹರಿದು ಮನೆ ಸೇರಬೇಕಾಯಿತು.

ಖಾಸಗಿ ಎಫ್‌ಎಂ ವಾಹಿನಿಗಳಿಗೆ ಗಂಟೆಗೆ 10 ನಿಮಿಷ ಸುದ್ದಿಗೆ ಅವಕಾಶ ಕೊಡಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2023ರಲ್ಲಿ ಶಿಫಾರಸು ಮಾಡಿದೆ. ಅದೇ 10 ನಿಮಿಷ ಸಮುದಾಯ ರೇಡಿಯೊಗೂ ಸಿಗಬೇಕು. ಅಷ್ಟಕ್ಕೆ ಮನಸ್ಸಿಲ್ಲದಿದ್ದರೆ ‘ಸ್ಥಳೀಯ ಆಡಳಿತ ಒದಗಿಸಿದಂತೆ’ ಎಂಬುದನ್ನಾದರೂ ಸಚಿವಾಲಯ ಅಳಿಸಲಿ. ನಮ್ಮ ಸಂಸದರು ಇದನ್ನು ಲೋಕಸಭೆಯಲ್ಲಿ ಕೇಳಬೇಕು.

ಅಲ್ಲಿಯವರೆಗೆ ಕೇಂದ್ರಗಳು ಮಾಡಬಹುದಾದದ್ದೂ ಇದೆ. ನೀರು, ಕರೆಂಟಿನ ಮಾಹಿತಿ ಕಳಿಸುವಂತೆ ಪಂಚಾಯಿತಿಗೂ ಎಸ್ಕಾಂ ಶಾಖಾ ಕಚೇರಿಗೂ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಬಂದ ವಾಟ್ಸ್‌ಆ್ಯಪ್ ಸಂದೇಶವನ್ನು ದಿನಾಂಕ, ಕಳಿಸಿದವರ ಹುದ್ದೆ ಸಮೇತ ಕಡತಕ್ಕೆ ಸೇರಿಸಿ, ಆ ದಿನದ ಧ್ವನಿಮುದ್ರಣದ ಜೊತೆಗೇ ಇಡಿ. ಮಾಹಿತಿ ಬಾರದ ದಿನವನ್ನೂ ಬರೆದಿಡಿ. ನಿಯಮ ಬದಲಿಸಿ ಎಂದು ಕೇಳುವಾಗ ಆ ಪುಟಗಳೇ ಬೇಕಾಗುತ್ತವೆ.

– ಸಮುದಾಯ ರೇಡಿಯೊ ಕಾರ್ಯಕರ್ತರು, ಕೋಲಾರ ಜಿಲ್ಲೆ